ಅವಳಿ ಗರ್ಭ: ದಿನ ತುಂಬುವ ಮೊದಲೇ ನೋವು ಬಂದರೆ ಸಿದ್ಧತೆ ಹೇಗಿರಬೇಕು?

37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು, ತ್ರಿವಳಿಗಳಲ್ಲಿ ಬಹುತೇಕ ಎಲ್ಲರೂ ಅಷ್ಟರೊಳಗೇ ಹುಟ್ಟುತ್ತಾರೆ. ಇದನ್ನು ಖಚಿತವಾಗಿ ತಡೆಯುವ ಔಷಧವಿಲ್ಲದ ಕಾರಣ, ಕೊಡಗಿನಂಥ ಗುಡ್ಡಗಾಡಿನಲ್ಲಿ ತಾಯಿಯನ್ನು ಸಕಾಲಕ್ಕೆ ತಕ್ಕ ಆಸ್ಪತ್ರೆಗೆ ತಲುಪಿಸುವುದೇ ಮುಖ್ಯ ಕೆಲಸ.

ಮೊದಲು, 11ರಿಂದ 14 ವಾರದೊಳಗೆ ಸ್ಕ್ಯಾನಿಂಗ್ ಮಾಡಿಸಿ, ಎರಡು ಶಿಶುಗಳಿಗೂ ಒಂದೇ ಮಾಸು ಇದೆಯೇ, ಬೇರೆಬೇರೆ ಇವೆಯೇ ಎಂದು ವೈದ್ಯರನ್ನು ಕೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಒಂದೇ ಮಾಸಾದರೆ ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿದುಹೋಗುವ ಅಪಾಯವಿರುವುದರಿಂದ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕಾಗುತ್ತದೆ. ಬೇರೆಬೇರೆಯಾದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸಾಕು.

ಬಳಿಕ ಆಸ್ಪತ್ರೆಯನ್ನೂ ದಾರಿಯನ್ನೂ ನಿಶ್ಚಯಿಸಬೇಕು. ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇದೆಯೇ, ಒಮ್ಮೆಗೇ ಇಬ್ಬರು ಶಿಶುಗಳಿಗೆ ಜಾಗ ಸಿಗುವುದೇ ಎಂದು ಮೊದಲೇ ವಿಚಾರಿಸಿ. ಇಲ್ಲವಾದರೆ ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾದೀತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿಹೋದದ್ದನ್ನು ನೆನೆದರೆ, ಮಳೆಗಾಲದಲ್ಲಿ ಒಂದೇ ದಾರಿಯನ್ನು ನಂಬಿ ಕೂರುವಂತಿಲ್ಲ. ಏಳನೇ ತಿಂಗಳಲ್ಲಿ ತವರಿಗೆ ಹೋಗುವ ರೂಢಿಯಿದ್ದರೆ, ಆ ಮನೆಯಿಂದ ಆಸ್ಪತ್ರೆ ಎಷ್ಟು ದೂರವೆಂದು ಯೋಚಿಸಿ. ದೂರವಾದರೆ ತಾಯಿಯೇ ಮಗಳ ಮನೆಗೆ ಬಂದಿರುವುದು ಮೇಲು. ತೋಟದ ಲೈನ್‌ಮನೆಯಲ್ಲಿರುವವರು ರಾತ್ರಿ ಹೊತ್ತು ವಾಹನ ಕೊಡುವುದು ಯಾರೆಂದು ಮಾಲೀಕರೊಂದಿಗೂ ಆಶಾ ಕಾರ್ಯಕರ್ತೆಯೊಂದಿಗೂ ಮೊದಲೇ ಮಾತಾಡಿಟ್ಟುಕೊಳ್ಳಲಿ.

ಇಡೀ ದಿನ ಮಲಗಿರಬೇಕೆಂದು ಹಿರಿಯರು ಹೇಳುವುದು ಕಾಳಜಿಯಿಂದಲೇ. ಆದರೆ ಅದರಿಂದ ಹೆರಿಗೆ ಮುಂದೆ ಹೋಗುತ್ತದೆ ಎನ್ನಲು ಆಧಾರವಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ.

ಹೊಟ್ಟೆಯ ಮೇಲೆ ಅಂಗೈಯಿಟ್ಟಾಗ ಅದು ಮತ್ತೆಮತ್ತೆ ಕಲ್ಲಿನಂತೆ ಬಿಗಿದು ಸಡಿಲವಾಗುವುದು, ಬಿಡದ ಸೊಂಟನೋವು, ನೀರು ಅಥವಾ ರಕ್ತ ಹೋಗುವುದು, ಶಿಶುಗಳ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ. ಅವಸರಕ್ಕೆ ಕಾರಣವಿದೆ. ಸಾಮಾನ್ಯವಾಗಿ 24ರಿಂದ 34 ವಾರದೊಳಗೆ ನೋವು ಬಂದರೆ ಶಿಶುಗಳ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಡೆಕ್ಸಾಮೆಥಾಸೋನ್ ಆದರೆ 12 ಗಂಟೆಗೊಂದರಂತೆ 6 ಮಿಲಿಗ್ರಾಮಿನ ನಾಲ್ಕು ಚುಚ್ಚುಮದ್ದು. ಅದರ ಪೂರ್ಣ ಫಲಕ್ಕೆ ಒಂದು ದಿನವಾದರೂ ಬೇಕು. ಬೇರೆ ಊರಿಗೆ ಕಳಿಸುವುದಾದರೆ, ಹೊರಡುವ ಮೊದಲೇ ಮೊದಲ ಚುಚ್ಚುಮದ್ದು ಕೊಡಬಹುದೇ ಎಂದು ಕೇಳಿ. ಹುಟ್ಟಿದ ಪುಟ್ಟ ಶಿಶುವನ್ನು ಘಾಟಿಯಲ್ಲಿ ಸಾಗಿಸುವುದಕ್ಕಿಂತ ಗರ್ಭದಲ್ಲಿರುವಾಗಲೇ ತಾಯಿಯನ್ನು ಕರೆದೊಯ್ಯುವುದು ಎಷ್ಟೋ ಸುರಕ್ಷಿತ.

ತೂಕ ಕಡಿಮೆಯಿರುವ ಮಕ್ಕಳಿಗೆ ಕಾಂಗರೂ ಆರೈಕೆ ಬೇಕು. ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿದ ಶಿಶುವನ್ನು ತಾಯಿಯ ಬರಿಯ ಎದೆಗೆ ನೆಟ್ಟಗೆ ಒರಗಿಸಿ, ಉಸಿರಿಗೆ ಅಡ್ಡಿಯಾಗದಂತೆ ತಲೆಯನ್ನು ಒಂದು ಬದಿಗೆ ತಿರುಗಿಸಿ, ಮೆದುವಾದ ಬಟ್ಟೆಯಿಂದ ಕಟ್ಟಬೇಕು. ಒಬ್ಬರನ್ನು ತಾಯಿ, ಇನ್ನೊಬ್ಬರನ್ನು ತಂದೆ ಅಥವಾ ಅಜ್ಜಿ ಹೀಗೆ ಇಟ್ಟುಕೊಳ್ಳಬಹುದು. ಮನೆಗೆ ಬಂದ ಮೇಲೂ ಇದನ್ನು ಮುಂದುವರಿಸಿ. ಮಳೆಯ ಚಳಿಗೆಂದು ಮಕ್ಕಳ ಕೋಣೆಯಲ್ಲಿ ಕೆಂಡ ಇಡಬೇಡಿ, ಅದರ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಾನಿ.