ಗೌರಿ ಹೂವಿನ ಬಳ್ಳಿ ಒಣಗಿದರೆ ಗಾಬರಿ ಬೇಡ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಗೌರಿ ಹೂವಿನ ಬಳ್ಳಿ ಹಳದಿಯಾಗಿ ಒಣಗಿಬಿಡುತ್ತದೆ. ಗಿಡ ಸತ್ತೇ ಹೋಯಿತು ಅಂತ ಕೆಲವರು ಕಿತ್ತೆಸೆಯುತ್ತಾರೆ. ಇನ್ನು ಕೆಲವರು ಕೊಡಗಟ್ಟಲೆ ನೀರು ಸುರಿಯುತ್ತಾರೆ, ಗೆಡ್ಡೆ ಕೊಳೆಯುತ್ತದೆ. ಎರಡೂ ಬೇಡ. ಒಣ ಬಳ್ಳಿ ಕತ್ತರಿಸಿ, ನೀರು ಪೂರ್ತಿ ನಿಲ್ಲಿಸಿ. ಗೆಡ್ಡೆ ಎಲ್ಲಿದೆ ಅಂತ ಮರೆಯದಂತೆ ಒಂದು ಕಡ್ಡಿ ಚುಚ್ಚಿಡಿ. ರೋಹಿಣಿ ಮಳೆ ಬಿದ್ದರೆ ತಾನಾಗೇ ಮೇಲೇಳುತ್ತದೆ.

ಇದನ್ನೇ ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ನಮ್ಮ ಕಾಡಂಚಿನ, ಬೇಲಿಸಾಲಿನ ಹೂವು. ಪಕ್ಕದ ತಮಿಳುನಾಡಿಗೆ ಇದು ರಾಜ್ಯದ ಹೂವು. ಕಾಡಿನಿಂದ ಅಗೆದು ತರಬೇಡಿ, ಅಲ್ಲೇ ಈಗ ಕಡಿಮೆಯಾಗಿದೆ. ನರ್ಸರಿಯಲ್ಲಿ ಗೆಡ್ಡೆ ಸಿಗುತ್ತದೆ. ಬೀಜದಿಂದಲೂ ಬರುತ್ತದೆ, ಆದರೆ ಹೂ ನೋಡೋಕೆ ಮೂರ್ನಾಲ್ಕು ವರ್ಷ ಕಾಯಬೇಕು.

ಗೆಡ್ಡೆ ಕವಲೊಡೆದಿರುತ್ತದೆ. ಮೊಳಕೆ ಬರುವುದು ಕವಲಿನ ತುದಿಯಲ್ಲಿ ಮಾತ್ರ. ಆ ತುದಿ ಮುರಿದರೆ ಮುಗೀತು, ಹಾಗಾಗಿ ಹೂವಿನಷ್ಟೇ ಮೆತ್ತಗೆ ಹಿಡಿಯಿರಿ. ಮೇ ಕೊನೆಗೆ ಕೆಂಪು ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ, ಎರಡು ಮೂರು ಇಂಚು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮುಚ್ಚಿ. ನೀರು ನಿಲ್ಲುವ ಜಾಗ ಆಗಲ್ಲ. ಕುಂಡವಾದರೆ ತಳದಲ್ಲಿ ತೂತು ಇರಲೇಬೇಕು.

ಬಳ್ಳಿ ಆಳೆತ್ತರಕ್ಕೂ ಮೀರಿ ಹೋಗುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಸುರುಳಿ ಚಿಕ್ಕದು, ದಪ್ಪ ಕಂಬ ಕೊಟ್ಟರೆ ಹಿಡಿಯೋಕೆ ಬರಲ್ಲ. ಕವಲಿರುವ ಸಣ್ಣ ಒಣ ಕೊಂಬೆ ಸಾಕು, ಅಂಗಡಿಯ ಚಂದದ ಸ್ಟ್ಯಾಂಡಿಗಿಂತ ಅದೇ ಮೇಲು. ಹೂ ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಕೆಂಪು. ಗೌರಿ ಹಬ್ಬದ ಆಸುಪಾಸಿನಲ್ಲಿ ಬಳ್ಳಿ ತುಂಬಾ ಎರಡೂ ಬಣ್ಣ ಇರುತ್ತದೆ.

ಮಳೆಗಾಲದಲ್ಲಿ ಕಪ್ಪು ಮೈ ಮೇಲೆ ಬಿಳಿ, ಕಿತ್ತಳೆ ಚುಕ್ಕೆಯ ಹುಳು ಬರುತ್ತದೆ. ಬಿಟ್ಟರೆ ಎಲೆಯನ್ನೆಲ್ಲ ಬೋಳಿಸುತ್ತದೆ. ದಿನಾ ಬೆಳಿಗ್ಗೆ ಎಲೆ ಹಿಂದೆ ನೋಡಿ, ಕಡ್ಡಿಯಿಂದ ತೆಗೆದುಹಾಕಿ. ಔಷಧಿ ಸಿಂಪಡಿಸಿದರೆ ಚಿಟ್ಟೆಗಳೂ ಬರಲ್ಲ, ಅವಿಲ್ಲದೆ ಕಾಯಿ ಕಟ್ಟೋದು ಕಷ್ಟ.

ಇನ್ನೊಂದು ಮಾತು, ಗಟ್ಟಿಯಾಗೇ ಹೇಳ್ತೀನಿ. ಈ ಗಿಡ ಬೇರಿಂದ ಬೀಜದವರೆಗೆ ವಿಷ. ಇದರಲ್ಲಿರುವ ಕೊಲ್ಚಿಸಿನ್ ಗೌಟ್ ಕೀಲುನೋವಿನ ಮಾತ್ರೆಗೆ ಬಳಕೆಯಾಗುತ್ತದೆ, ಅದಕ್ಕೇ ತಮಿಳುನಾಡಿನ ರೈತರು ಬೀಜಕ್ಕಾಗಿ ಬೆಳೆಯುತ್ತಾರೆ. ಆದರೆ ಗೆಡ್ಡೆಯನ್ನು ಗೆಣಸು ಅಂದ್ಕೊಂಡು ತಿಂದು ಜೀವ ಕಳೆದುಕೊಂಡವರಿದ್ದಾರೆ. ಮನೆಮದ್ದು ಅಂತ ಯಾರು ಹೇಳಿದರೂ ಬಾಯಿಗೆ ಹಾಕಬೇಡಿ. ಪುಟ್ಟ ಮಕ್ಕಳು, ದನ, ನಾಯಿ ಓಡಾಡುವ ಕಡೆ ನೆಡಲೇಬೇಡಿ. ಗೆಡ್ಡೆ ಮುಟ್ಟುವಾಗ ಕೈಗವಸು ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಉಳಿದ ಗೆಡ್ಡೆಯನ್ನು ಅಡುಗೆಮನೆಯ ಬುಟ್ಟಿಯಲ್ಲಂತೂ ಇಡಬೇಡಿ. ಹೆಸರು ಬರೆದು, ಒಣ ಮರಳಿನ ಡಬ್ಬದಲ್ಲಿ, ಮೇಲಿನ ಅಟ್ಟದಲ್ಲಿಡಿ.