641 ಕೈಗೆ ಸಿಕ್ಕ ರಾತ್ರಿ

4,29,49,67,297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ ಇದು. ಇದು ಅವಿಭಾಜ್ಯವೆಂದೇ 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. ಎರಡರ 1, 2, 4, 8, 16ನೇ ಘಾತಗಳಿಗೆ ಒಂದು ಕೂಡಿಸಿದರೆ ಬರುವ, ಇದೇ ಸಾಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯಗಳಾಗಿರುವಾಗ ಯಾರಿಗಾದರೂ ಹಾಗನ್ನಿಸುತ್ತದೆ. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಅಪವರ್ತನಗಳಾಗಿ ಒಡೆದ ಎಂಬುದು ನನಗೆ ಗೊತ್ತಿತ್ತು. ಯಾವುದರಿಂದ ಒಡೆದ ಎಂಬುದನ್ನು ಮಾತ್ರ ಬೇಕೆಂದೇ ನೋಡಿರಲಿಲ್ಲ. ಕ್ಯಾಲ್ಕುಲೇಟರ್ ಮುಟ್ಟದೆ ನಾನೇ ಹುಡುಕಬೇಕೆಂಬ ಆಸೆ.

ಕಂಡಕಂಡದ್ದರಿಂದ ಭಾಗಿಸುತ್ತ ಹೋದರೆ ಮುಗಿಯದು. ವರ್ಗಮೂಲ 65536ರ ಆಸುಪಾಸು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಆದರೆ ಯಾವುದೋ ಅವಿಭಾಜ್ಯದಿಂದ ನಮ್ಮ ಸಂಖ್ಯೆ ಶೇಷವಿಲ್ಲದೆ ಭಾಗವಾದರೆ, ಎರಡರ 32ನೇ ಘಾತದ ಶೇಷ −1, ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ, ಎಂದಾಯಿತು. ಅದರ ವರ್ಗ, ಅಂದರೆ 64ನೇ ಘಾತದ ಶೇಷ, 1. ಅದಕ್ಕೆ ಮೊದಲು ಯಾವ ಘಾತದಲ್ಲೂ 1 ಬರುವುದಿಲ್ಲ. ಹಾಗಾಗಿ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಉಳಿದದ್ದು 64ರಿಂದ ಭಾಗವಾಗಲೇಬೇಕು. ಏಕೆಂದರೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯ ಘಾತಕ್ಕೆ ಎರಡನ್ನು ಏರಿಸಿದರೆ ಶೇಷ 1 ಬರಲೇಬೇಕು ಎನ್ನುತ್ತದೆ ಫರ್ಮಾನದೇ ಕಿರು ಪ್ರಮೇಯ. ಕೀಲಿಕೈ ಅವನ ಬಳಿಯೇ ಇತ್ತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

64ರ ಮಗ್ಗಿ ಬರೆದು ಒಂದೊಂದಕ್ಕೂ ಒಂದು ಕೂಡಿಸಿದೆ. ಅವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641, 769... ಹತ್ತಂಕಿಯ ಸಂಖ್ಯೆಯನ್ನು ಭಾಗಿಸುವ ಕಷ್ಟವೂ ಬೇಡ. ಶೇಷವನ್ನಷ್ಟೇ ವರ್ಗ ಮಾಡುತ್ತ ಹೋದರೆ ಸಾಕು. ಮೊದಲ ನಾಲ್ಕೂ ಹುಸಿಯಾದವು. 641ಕ್ಕೆ ಬಂದಾಗ ಎರಡರ 16ನೇ ಘಾತವಾದ 65536ರ ಶೇಷ 154. ಇದರ ವರ್ಗದಿಂದ 32ನೇ ಘಾತದ ಶೇಷ ಸಿಗುತ್ತದೆ. 154ರ ವರ್ಗವನ್ನು 23176 ಎಂದು ಬರೆದುಕೊಂಡೆ, ಶೇಷ 100 ಬಂತು, ಅದನ್ನೂ ಹೊಡೆದುಹಾಕಿ ಮುಂದೆ ಹೋದೆ. 769, 1153, ಇನ್ನೂ ಎರಡು ಪುಟ.

ಮಲಗುವ ಮುನ್ನ ಹಳೇ ಹಾಳೆಗಳನ್ನು ತಿರುವಿ ಹಾಕುವುದು ನನ್ನ ರೂಢಿ. 616, 770, 154 ಎಂದು ಮೆಟ್ಟಿಲಿನಂತೆ ಜರುಗಿಸಿ ಬರೆದ ಸಾಲುಗಳನ್ನು ಮತ್ತೆ ಕೂಡಿದೆ. 23716! ಏಳು, ಒಂದು ಅದಲುಬದಲಾಗಿದ್ದವು. 641ನ್ನು 37ರಿಂದ ಗುಣಿಸಿದರೆ 23717. ಸರಿಯಾಗಿ ಒಂದೇ ಒಂದು ಕಡಿಮೆ. ನಮ್ಮ ಸಂಖ್ಯೆಯಲ್ಲಿ ಕೂಡಿಸಿರುವ ಆ ಒಂದು ಬಂದು ಈ ಕೊರತೆ ತುಂಬುತ್ತದೆ. ಎದೆ ಡವಡವ ಹೊಡೆದುಕೊಂಡಿತು, ಮನೆಯವರನ್ನು ಎಬ್ಬಿಸಿಯೇಬಿಟ್ಟೆ.

ಭಾಗಲಬ್ಧ 67,00,417. ಇದೂ ಒಡೆಯುತ್ತದೆಯೇ? ಇಲ್ಲಿ ಫ್ರಾನ್ಸಿನ ಗಣಿತಜ್ಞ ಲೂಕಾಸ್ 1878ರಲ್ಲಿ ಕೊಟ್ಟ ಬಿಗಿಯಾದ ನಿಯಮ ಹಿಡಿದೆ: 64ರ ಬದಲು 128ರ ಮಗ್ಗಿ. ವರ್ಗಮೂಲ 2588ರವರೆಗೆ ಸಿಗುವ ಅವಿಭಾಜ್ಯಗಳು ಐದೇ: 257, 641, 769, 1153, 1409. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಐದರಿಂದಲೂ ಭಾಗಿಸಿದೆ, ಪ್ರತಿಯೊಂದನ್ನೂ ಎರಡೆರಡು ಸಲ. ಶೇಷಗಳು 170, 44, 120, 334, 622. ಯಾವುದೂ ಸೊನ್ನೆಯಲ್ಲ. 67,00,417 ಅವಿಭಾಜ್ಯ.