ಸ್ವೆಟರ್ ಸುತ್ತಿದ ಐಸ್ ಮೊದಲು ಕರಗುತ್ತದೆಯೇ?

ಐದರಿಂದ ಎಂಟು ವರ್ಷದ ಮಕ್ಕಳಿಗೆ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಈ ವಯಸ್ಸಿನವರನ್ನು ಖುಷಿಪಡಿಸುವುದು ಕಷ್ಟವೇನಲ್ಲ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು, ನೊರೆ ಉಕ್ಕಿಸಿ, ‘ನೋಡಿ ಜ್ವಾಲಾಮುಖಿ’ ಅಂದರೆ ಇಡೀ ತರಗತಿ ಎದ್ದು ಕುಣಿಯುತ್ತದೆ. ಮರುದಿನ ಕೇಳಿದರೆ ನೆನಪಿರುವುದು ನೊರೆ ಮಾತ್ರ. (ನಿಜವಾದ ಜ್ವಾಲಾಮುಖಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವುದು ಬೇರೆ ಮಾತು.) ಹಾಗಾಗಿ ನನ್ನ ತರಗತಿಯಲ್ಲಿ ಒಂದು ಕಟ್ಟುನಿಟ್ಟು ಇದೆ: ಏನಾಗಬಹುದು ಎಂದು ಪ್ರತಿ ಮಗುವೂ ಬಾಯಿಬಿಟ್ಟು ಹೇಳುವ ತನಕ ಪ್ರಯೋಗ ಶುರುವಾಗುವುದಿಲ್ಲ.

ಇದಕ್ಕೆ ನನಗೆ ಅತಿ ಇಷ್ಟದ ಪಾಠ ಐಸ್‌ನದು. ಒಂದೇ ಅಳತೆಯ ಎರಡು ಐಸ್ ತುಂಡು ತೆಗೆದುಕೊಳ್ಳುತ್ತೇನೆ. ನೀರು ಸೋರದಂತೆ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದನ್ನು ಹಾಗೇ ತಟ್ಟೆಯಲ್ಲಿ ಇಡುತ್ತೇನೆ, ಇನ್ನೊಂದನ್ನು ಉಣ್ಣೆಯ ಸ್ವೆಟರ್‌ನಲ್ಲಿ ದಪ್ಪಗೆ ಸುತ್ತುತ್ತೇನೆ. ಯಾವುದು ಮೊದಲು ಕರಗುತ್ತದೆ? ಬಹುತೇಕ ಎಲ್ಲ ಕೈಗಳೂ ಸ್ವೆಟರ್ ಕಡೆಗೇ ಏಳುತ್ತವೆ. ‘ಸ್ವೆಟರ್ ಬೆಚ್ಚಗಿರುತ್ತಲ್ಲ ಮಿಸ್!’ ಅವರ ತರ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಹಾಕಿಕೊಂಡಾಗ ಬೆಚ್ಚಗಾಗುವುದು ಅವರ ಮೈಗೇ ಗೊತ್ತು. ನಾನು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಿಲ್ಲ, ಮುಖದ ಮೇಲೂ ಏನೂ ತೋರಿಸುವುದಿಲ್ಲ. ಈ ಮೂರನೆಯದೇ ಕಷ್ಟ, ಮಕ್ಕಳು ನಮ್ಮ ಹುಬ್ಬು ಓದುವುದರಲ್ಲಿ ಪಂಡಿತರು.

ಆಟ ಮುಗಿಸಿ ಬಂದು ಬಿಚ್ಚಿದಾಗ ತಟ್ಟೆಯದು ನೀರಾಗುತ್ತಾ ಬಂದಿರುತ್ತದೆ, ಸ್ವೆಟರ್‌ನೊಳಗಿನದು ಇನ್ನೂ ಗಟ್ಟಿಯಾಗಿರುತ್ತದೆ. ಆಗಿನ ಗಲಾಟೆಯೇ ಪಾಠ. ನಾನು ವಿವರಣೆಗೆ ಹೋಗದೆ ಯಾರೂ ಹಾಕಿಕೊಳ್ಳದ ಇನ್ನೊಂದು ಸ್ವೆಟರ್‌ನೊಳಗೆ ಥರ್ಮಾಮೀಟರ್ ಇಟ್ಟು, ಕೋಣೆಯ ಉಷ್ಣತೆಯ ಜೊತೆ ಹೋಲಿಸಲು ಹೇಳುತ್ತೇನೆ. ಎರಡೂ ಒಂದೇ. ಒಬ್ಬ ಹುಡುಗಿ ತುಂಬ ಹೊತ್ತು ಅದನ್ನೇ ನೋಡಿ, ‘ಹಾಗಾದ್ರೆ ಬಿಸಿ ಸ್ವೆಟರ್‌ದಲ್ಲ, ನನ್ನದೇ!’ ಅಂದಳು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಬೇಗ ದಾಟಲು ಬಿಡುವುದಿಲ್ಲ. ಒಳಗಿನದು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಇಷ್ಟು ನಾನು ಸೇರಿಸಿದರೆ ಸಾಕಾಯಿತು.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಗಮನಿಸಿದ್ದು ಇದನ್ನೇ: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡ್ ಕಾಯುತ್ತಿದ್ದರು, ಅಷ್ಟೆ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿ ಪ್ರಶ್ನೆ ಕೇಳುವುದೂ ಹೆಚ್ಚಾಯಿತು. ನಾನು ಮನಸ್ಸಿನಲ್ಲೇ ಐದರ ತನಕ ಎಣಿಸುತ್ತೇನೆ. ಹಿಂದಿನ ಸಾಲಿನ ಮಕ್ಕಳ ಬಾಯಿ ತೆರೆಯುವುದು ಸಾಮಾನ್ಯವಾಗಿ ನಾಲ್ಕರ ಮೇಲೆಯೇ.

ತೇಲು–ಮುಳುಗು ಆಟ ಎಲ್ಲರೂ ಆಡಿಸುತ್ತಾರೆ. ಕಲ್ಲು, ಎಲೆ, ಪೆನ್ಸಿಲ್ ಹಾಕಿಸಿ ಎರಡು ಗುಂಪು ಮಾಡಿಸಿ ಬಿಟ್ಟರೆ ‘ಭಾರದ್ದು ಮುಳುಗುತ್ತೆ’ ಎಂಬ ಅರ್ಧಸತ್ಯ ಇನ್ನಷ್ಟು ಗಟ್ಟಿಯಾಗುತ್ತದೆ. ಅದನ್ನು ಅಲುಗಾಡಿಸಲು ಆಟದ ಕ್ಲೇ ಬೇಕು. ನೀರಿನಲ್ಲಿ ಕರಗದ, ಎಣ್ಣೆ ಬೆರೆಸಿದ ಕ್ಲೇ ಆಗಿರಲಿ. ಉಂಡೆ ಮಾಡಿ ಹಾಕಿದರೆ ಮುಳುಗುತ್ತದೆ. ಅದೇ ಉಂಡೆಯನ್ನು ತೆಳ್ಳಗೆ ತಟ್ಟಿ, ಅಂಚು ಎತ್ತಿ, ದೋಣಿ ಮಾಡಿದರೆ ತೇಲುತ್ತದೆ. ಭಾರ ಅಷ್ಟೇ, ಆಕಾರ ಬೇರೆ. ಪಾರದರ್ಶಕ ಡಬ್ಬದ ಮೇಲೆ ನೀರಿನ ಮಟ್ಟಕ್ಕೆ ಎರಡೂ ಸಲ ಗೆರೆ ಎಳೆಸಿ. ದೋಣಿ ತೇಲುವಾಗ ನೀರು ಹೆಚ್ಚು ಏರಿರುತ್ತದೆ, ಏಕೆಂದರೆ ಅದು ಉಂಡೆಗಿಂತ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಿದೆ. ಏಳೆಂಟು ವರ್ಷದವರು ಇದನ್ನು ಗೆರೆ ನೋಡಿಯೇ ಹಿಡಿಯುತ್ತಾರೆ. ಐದು ವರ್ಷದವರಿಗೆ ದೋಣಿಯೇ ಸಾಕು, ಒತ್ತಾಯ ಬೇಡ.

ಆ ಸೋಡಾ ನೊರೆಯನ್ನೂ ನಾನು ಬಿಟ್ಟಿಲ್ಲ. ಬಾಟಲಿಯಲ್ಲಿ ವಿನೆಗರ್ ಹಾಕಿ, ಬಾಯಿಗೆ ಸೋಡಾ ತುಂಬಿದ ಬಲೂನ್ ಸಿಕ್ಕಿಸುತ್ತೇನೆ. ಬಲೂನ್ ಎತ್ತಿದಾಗ ಸೋಡಾ ಕೆಳಗೆ ಬಿದ್ದು, ಇಂಗಾಲದ ಡೈಆಕ್ಸೈಡ್ ಹುಟ್ಟಿ ಬಲೂನ್ ಉಬ್ಬುತ್ತದೆ. ಸೋಡಾ ಎರಡು ಚಮಚ ಹಾಕಿದರೆ? ಮೂರು? ಒಂದು ಹಂತದ ನಂತರ ಬಲೂನ್ ದೊಡ್ಡದಾಗುವುದೇ ಇಲ್ಲ, ವಿನೆಗರ್ ಮುಗಿದಿರುತ್ತದೆ. ಬರೀ ಬೆರಗಾಗಿದ್ದದ್ದು ಆಗ ಲೆಕ್ಕಾಚಾರವಾಗುತ್ತದೆ.

ಆಯಸ್ಕಾಂತದ ವಿಷಯದಲ್ಲಿ ಒಂದು ಎಚ್ಚರಿಕೆ. ಚಿಕ್ಕ ಗುಂಡಿಯಂಥವನ್ನು ತರಗತಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಹೊಟ್ಟೆಯೊಳಗೆ ಒಂದಕ್ಕೊಂದು ಎಳೆದುಕೊಂಡು ಕರುಳಿನ ಗೋಡೆಯನ್ನೇ ತೂತು ಮಾಡಬಹುದು. ಕೈಗೆ ತುಂಬುವಷ್ಟು ದೊಡ್ಡದೇ ಸರಿ.

ನೋಟ್ಸ್ ಬರೆಸುವುದಿಲ್ಲ, ಚಿತ್ರ ಬಿಡಿಸುತ್ತೇನೆ: ಹಾಳೆಯ ಎಡಕ್ಕೆ ಊಹೆ, ಬಲಕ್ಕೆ ಕಂಡದ್ದು. ಎಡಬದಿಯನ್ನು ರಬ್ಬರ್‌ನಿಂದ ಅಳಿಸಲು ಬಿಡುವುದಿಲ್ಲ.

ನೆರಳಿನ ಪಾಠಕ್ಕೆ ಹಾಳೆಯೂ ಬೇಡ, ಸೀಮೆಸುಣ್ಣ ಸಾಕು. ಬೆಳಿಗ್ಗೆ ಮಗು ನಿಂತ ಪಾದದ ಗುರುತು ಬರೆದು, ನೆರಳಿನ ಅಂಚು ಎಳೆಯುತ್ತೇವೆ. ಸೂರ್ಯನನ್ನು ನೇರ ನೋಡಬಾರದು ಎಂಬ ಮಾತು ಮೊದಲೇ ಆಗಿರುತ್ತದೆ. ಮಧ್ಯಾಹ್ನ ಅದೇ ಗುರುತಿನ ಮೇಲೆ ನಿಂತರೆ ತಲೆಯ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಕಲ್ಲು ಇಡಬೇಕು. ನೆರಳು ಗಿಡ್ಡವಾಗುತ್ತದೆ ಎಂದು ಕೆಲವರು ಊಹಿಸುತ್ತಾರೆ, ಪಕ್ಕಕ್ಕೆ ತಿರುಗುತ್ತದೆ ಎಂದು ಊಹಿಸುವವರು ಅಪರೂಪ. ಮಾರನೇ ದಿನ ಅದೇ ಹೊತ್ತಿಗೆ ಕೇಳಿದರೆ ಹೆಚ್ಚಿನವರು ಕಲ್ಲನ್ನು ಸರಿಯಾದ ಜಾಗದಲ್ಲೇ ಇಡುತ್ತಾರೆ. ಆಗ ನಾನು, ಮೂರು ತಿಂಗಳು ಕಳೆದ ಮೇಲೆ ಎಲ್ಲಿ ಇಡುತ್ತೀರಿ ಎಂದು ಕೇಳುತ್ತೇನೆ.